ಕೋಟೆಯ ಗೋಡೆ ಬಲಗೈಗೆ

ಸಾವಿತ್ರವ್ವನ ಹತ್ತಿರ ಅಪ್ಪನದೆಂದು ಉಳಿದಿದ್ದವು ಎರಡೇ: ಒಂದು ಫೋಟೋ, ಒಂದು ಮಾತು. ಅವೆರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಫೋಟೋ 1942ರ ಫೆಬ್ರವರಿಯದು. ಬರ್ಮಾದ ಮಾಂಡಲೆಯಲ್ಲಿ, ಅರಮನೆಯ ಕೋಟೆಯನ್ನು ಸುತ್ತುವರಿದ ಕಂದಕದ ದಂಡೆಯ ಮೇಲೆ ತೆಗೆದದ್ದು. ರೈಲ್ವೆ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಹುಬ್ಬಳ್ಳಿಯ ಶರಣಪ್ಪ ಕೋಟು ತೊಟ್ಟು ನಿಂತಿದ್ದಾನೆ. ಪಕ್ಕದಲ್ಲಿ ಹೆಂಡತಿ ನೀಲವ್ವ. ಇಬ್ಬರ ನಡುವೆ, ಕೆನ್ನೆಯ ಮೇಲೆ ಹುಣಸೆಬೀಜದಷ್ಟು ಮಚ್ಚೆಯಿರುವ ಆರು ವರ್ಷದ ಸಾವಿತ್ರಿ. ಹಿಂದೆ ನೀರು, ನೀರಿನಾಚೆ ಉದ್ದಕ್ಕೂ ಓಡುವ ಇಟ್ಟಿಗೆಯ ಗೋಡೆ, ಗೋಡೆಯ ಮೇಲೆ ಹಂತಹಂತವಾಗಿ ಕಿರಿದಾಗುತ್ತ ಹೋಗುವ ಮರದ ಬುರುಜು, ಅದರ ಹಿಂದೆ ದೂರದಲ್ಲಿ ಮಾಂಡಲೆ ಬೆಟ್ಟ. ಬೆಟ್ಟದ ಕಡೆಗೆ ನೋಡುತ್ತಿದ್ದರೆ ಗೋಡೆ ಎಡಗಡೆಗೆ ಬರುತ್ತದೆ. ಫೋಟೋ ಕೈಗೆತ್ತಿಕೊಂಡ ಯಾರಿಗಾದರೂ ಮೊದಲು ಕಾಣುವುದೇ ಅದು.

ಮಾತು ಬೇರೆಯದನ್ನು ಹೇಳುತ್ತಿತ್ತು. ಅವರ ರೈಲ್ವೆ ಕ್ವಾರ್ಟರ್ಸ್ ಸ್ಟೇಷನ್ನಿನ ಬಳಿ, ಅರಮನೆಯ ದಕ್ಷಿಣಕ್ಕಿತ್ತು. ಭಾನುವಾರ ರಜೆಯಿದ್ದರೆ ಶರಣಪ್ಪ ಮಗಳನ್ನು ಕರೆದುಕೊಂಡು ಕೋಟೆಯ ಮೂಲೆಗೆ ಬಂದು, ಕಂದಕದ ಗುಂಟ ಬೆಟ್ಟದ ಬುಡದವರೆಗೆ ನಡೆಯುತ್ತಿದ್ದ. ಅಲ್ಲಿನ ಕುತೋಡಾ ಪಗೋಡದ ಅಂಗಳದಲ್ಲಿ ಬುದ್ಧನ ಉಪದೇಶ ಕೆತ್ತಿದ ಅಮೃತಶಿಲೆಯ ಕಲ್ಲುಗಳಿವೆ. ಒಂದೊಂದು ಕಲ್ಲಿಗೂ ಒಂದೊಂದು ಬಿಳಿಯ ಗುಡಿ, ಏಳುನೂರಕ್ಕೂ ಮಿಕ್ಕಿ ಗುಡಿ, ಎಲ್ಲವೂ ಒಂದೇ ಅಚ್ಚಿನವು. ಒಮ್ಮೆ ಸಾವಿತ್ರಿ ಅವುಗಳ ಸಾಲಿನಲ್ಲಿ ತಪ್ಪಿಸಿಕೊಂಡು ಅತ್ತಳು. ಹುಡುಕಿ ತಂದ ಅಪ್ಪ ಬೈಯಲಿಲ್ಲ. ವಾಪಸು ಬರುವಾಗ ಕಂದಕದ ಮೂಲೆಯಲ್ಲಿ ನಿಲ್ಲಿಸಿ, ಇನ್ನು ಮುಂದೆ ಎಲ್ಲಿ ತಪ್ಪಿಸಿಕೊಂಡರೂ ದಾರಿ ಹಿಡಿಯುವುದು ಹೇಗೆಂದು ಕಲಿಸಿಕೊಟ್ಟ. ಆ ಪಾಠ ಶುರುವಾದದ್ದು ಹೀಗೆ: “ಹೋಗೂವಾಗ ಕ್ವಾಟಿ ಗ್ವಾಡಿ ಬಲಗೈಗಿರ್ಲಿ...”

ಆಕೆಗೆ ನೆನಪಿದ್ದ ಅಪ್ಪನ ದನಿ ಇಷ್ಟೇ. ಮುಖ ಫೋಟೋದಿಂದ ಬಂದದ್ದು. ದನಿ ಮಾತ್ರ ಅವಳದೇ.

ಆದರೆ ಹುಬ್ಬಳ್ಳಿಯಲ್ಲಿ ಅದನ್ನು ಯಾರ ಮುಂದೆ ಹೇಳಹೋದರೂ ‘ಬಲಗೈ’ ಅನ್ನುತ್ತಿದ್ದಂತೆ ಮಾತು ತುಂಡಾಗುತ್ತಿತ್ತು. ಮೊದಲು ಕಾಕಾ ತುಂಡು ಮಾಡಿದ: ಫೋಟೋದಾಗ ನೋಡವಾ, ಗ್ವಾಡಿ ಎಡಕ್ಕೈತಿ. ಆಮೇಲೆ ಗಂಡ. ಆಮೇಲೆ ಮಗ ಗಿರಿಧರ. ಅವನಂತೂ ಹತ್ತು ವರ್ಷದವನಿದ್ದಾಗಲೇ ಫೋಟೋದ ಮೇಲೆ ಬೆರಳಿಟ್ಟು ಎಡ ಯಾವುದು ಬಲ ಯಾವುದು ಎಂದು ಅವ್ವನಿಗೆ ತೋರಿಸಿಕೊಟ್ಟಿದ್ದ. ಎಂಜಿನಿಯರಿಂಗ್ ಓದಿದ ಮೇಲೆ ಒಂದು ಕಾರಣವನ್ನೂ ಹುಡುಕಿದ. ಗುಡಿಗೆ ಪ್ರದಕ್ಷಿಣೆ ಹಾಕುವಾಗ ದೇವರು ಯಾವಾಗಲೂ ಬಲಗೈಗೆ ಬರುತ್ತಾನೆ, ಹುಬ್ಬಳ್ಳಿಗೆ ಬಂದ ಮೇಲೆ ಸಿದ್ಧಾರೂಢರ ಮಠದಲ್ಲಿ ಹಾಕಿದ ಪ್ರದಕ್ಷಿಣೆಯೂ ಮಾಂಡಲೆಯ ನೆನಪೂ ಅವ್ವನ ತಲೆಯಲ್ಲಿ ಕಲೆತುಹೋಗಿವೆ ಎಂದ. ಅದು ಒಪ್ಪುವಂಥ ಮಾತೇ ಆಗಿತ್ತು. ಬರಬರುತ್ತ ಸಾವಿತ್ರವ್ವ ಅಪ್ಪನ ಮಾತನ್ನು ಯಾರಿಗೂ ಹೇಳದಾದಳು. ಆರು ವರ್ಷದ ಮಗು ಬಲಗೈಯನ್ನೇ ತಪ್ಪು ನೆನಪಿಟ್ಟಿದ್ದರೆ, ಮಿಕ್ಕದ್ದನ್ನು ಸರಿಯಾಗಿ ನೆನಪಿಟ್ಟೀತು ಎಂಬ ಭರವಸೆ ಎಲ್ಲಿಂದ ಬರಬೇಕು?

ಫೋಟೋ ಬಂದ ದಾರಿ ಇನ್ನೊಂದು ಕಥೆ. ಜಪಾನಿನ ಸೈನ್ಯ ದಕ್ಷಿಣದಿಂದ ಏರಿ ಬರುತ್ತಿತ್ತು. ರೈಲ್ವೆಯವರು ಊರು ಬಿಡುವಂತಿರಲಿಲ್ಲ, ಹೆಂಡತಿ ಮಕ್ಕಳನ್ನು ಮಾತ್ರ ಕಳಿಸಬಹುದಿತ್ತು. ಹೊರಡುವ ಮುನ್ನ ಶರಣಪ್ಪ ಗಡಿಯಾರ ಗೋಪುರದ ಬಳಿಯ ಸ್ಟುಡಿಯೋದವನನ್ನು ಕಂದಕದ ದಂಡೆಗೆ ಕರೆಸಿದ. ಸ್ಟುಡಿಯೋದವನೂ ಗಂಟು ಕಟ್ಟುತ್ತಿದ್ದ. ಕಾಗದದ ಮೇಲೆ ಪ್ರಿಂಟು ಹಾಕುವಷ್ಟು ಪುರಸೊತ್ತಿಲ್ಲದೆ, ನೆಗೆಟಿವ್ ಮೂಡಿಸಿ ತೊಳೆದ ಗಾಜಿನ ಪ್ಲೇಟನ್ನೇ ಕೊಟ್ಟುಬಿಟ್ಟ. ನೀಲವ್ವ ಅದನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡಳು. ಮೈದುನನ ಜೊತೆ ರೈಲಿನಲ್ಲಿ ಮೊನ್ಯುವಾ, ದೋಣಿಯಲ್ಲಿ ಕಲೇವಾ, ಅಲ್ಲಿಂದ ಕಾಲ್ನಡಿಗೆಯಲ್ಲಿ ತಾಮು, ಬೆಟ್ಟ ದಾಟಿ ಇಂಫಾಲ. ಪ್ಲೇಟು ಒಡೆಯಲಿಲ್ಲ. ಏಪ್ರಿಲ್ ಮೂರರಂದು, ಶುಭ ಶುಕ್ರವಾರದ ದಿನ, ಮಾಂಡಲೆಯ ಮೇಲೆ ಬಾಂಬು ಬಿದ್ದು ಅರ್ಧ ಊರು ಸುಟ್ಟಿತು. ಶರಣಪ್ಪನ ಸುದ್ದಿ ಮತ್ತೆ ಬರಲಿಲ್ಲ. ಮರುವರ್ಷ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಪ್ಲೇಟಿನಿಂದ ಪುಸ್ತಕದ ಪುಟದಷ್ಟು ಅಗಲದ ಒಂದು ಪ್ರಿಂಟು ಹಾಕಿಸಿದರು. ಆಮೇಲೊಮ್ಮೆ ಮನೆ ಬದಲಿಸುವಾಗ ಪ್ಲೇಟು ಒಡೆದುಹೋಯಿತು. ನೀಲವ್ವ ಸಾಯುವವರೆಗೂ ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ.

2002ರ ಅಕ್ಟೋಬರಿನಲ್ಲಿ ಸಾವಿತ್ರವ್ವ ಮೂರು ತಿಂಗಳ ವೀಸಾದ ಮೇಲೆ ಜರ್ಮನಿಯ ರೇಗನ್ಸ್‌ಬರ್ಗಿಗೆ ಮಗನ ಮನೆಗೆ ಬಂದಾಗ, ಆ ಫೋಟೋ ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಇತ್ತು. ಎಲ್ಲಿಗೆ ಹೋದರೂ ಅದು ಜೊತೆಗೇ.

ಕಂಪ್ಯೂಟರ್ ಪರಿಣತರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಗಿರಿಧರ ಬಂದು ಒಂದೂವರೆ ವರ್ಷವಾಗಿತ್ತು. ಕಾರುಗಳ ಎಲೆಕ್ಟ್ರಾನಿಕ್ ಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಹೆಂಡತಿ ಲಾವಣ್ಯಾ ಮೈಸೂರಿನವಳು. ಗ್ರೀನ್ ಕಾರ್ಡಿನವರ ಹೆಂಡತಿಗೆ ಬಂದ ಕೂಡಲೇ ಕೆಲಸಕ್ಕೆ ಸೇರಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲವಾದ್ದರಿಂದ, ಅವಳು ಆ ವರ್ಷವನ್ನು ಜರ್ಮನ್ ಕಲಿಯುವುದಕ್ಕೆ ಬಳಸಿಕೊಂಡಿದ್ದಳು. ಗಿರಿಧರ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಹಾಕುತ್ತಿದ್ದ. ಮನೆಗೆ ಬಂದ ಜರ್ಮನ್ ಕಾಗದಗಳನ್ನೆಲ್ಲ ಓದುವವಳು ಅವಳೇ.

ಮನೆ ಇದ್ದದ್ದು ಡ್ಯಾನ್ಯೂಬ್ ನದಿಯ ಆಚೆ ದಂಡೆಯ ಶ್ಟಾಟಮ್‌ಹೋಫ್‌ನಲ್ಲಿ, ಕಲ್ಲಿನ ಹಳೆಯ ಸೇತುವೆ ದಾಟಿದರೆ ಸಿಗುವ ಬೀದಿಯಲ್ಲಿ. ಕೆಳಗಿನ ಮನೆ ಹೆರ್ ಲಿಂಡ್ನರ್ ಅವರದು. ಸರ್ಕಾರಿ ಭೂಮಾಪನ ಕಚೇರಿಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ವರ್ಷಕ್ಕೊಂದು ದೇಶ ನೋಡಿ ಬಂದು, ತೆಗೆದ ಚಿತ್ರಗಳ ಸ್ಲೈಡುಗಳನ್ನು ಒಂದು ಸಂಜೆ ನೆರೆಯವರಿಗೆ ಗೋಡೆಯ ಮೇಲೆ ತೋರಿಸುವುದು ಆ ತಲೆಮಾರಿನ ಜರ್ಮನ್ನರ ರೂಢಿ. ಡಿಯಾ-ಆಬೆಂಡ್ ಎನ್ನುತ್ತಾರೆ. ನೆರೆಯವರು ಆಕಳಿಕೆ ನುಂಗಿಕೊಂಡು ಕೂತಿರುತ್ತಾರೆ ಎಂಬುದೂ ಆ ರೂಢಿಯ ಒಂದು ಭಾಗವೇ. ಆಗಸ್ಟಿನಲ್ಲಿ ನದಿಗೆ ಪ್ರವಾಹ ಬಂದಾಗ ಲಿಂಡ್ನರ್ ಎಲ್ಲಕ್ಕಿಂತ ಮೊದಲು ಎತ್ತಿಸಿದ್ದು ನೆಲಮಾಳಿಗೆಯಲ್ಲಿದ್ದ ಸ್ಲೈಡು ಪೆಟ್ಟಿಗೆಗಳನ್ನು. ಗಿರಿಧರ, ಲಾವಣ್ಯಾ ಇಬ್ಬರೂ ಅವನ್ನು ಮೇಲೆ ಹೊತ್ತು ತಂದು ತಮ್ಮ ಹಜಾರದಲ್ಲಿ ಪೇರಿಸಿಟ್ಟಿದ್ದರು. ಈಜಿಪ್ಟ್, ಪೆರು, ಐಸ್‌ಲ್ಯಾಂಡ್ ಎಂದೆಲ್ಲ ಚೀಟಿ ಅಂಟಿಸಿಕೊಂಡ ಪೆಟ್ಟಿಗೆಗಳು ನೀರಿಳಿಯುವವರೆಗೆ ಅಲ್ಲೇ ಇದ್ದವು. ಅಲ್ಲಿಂದಾಚೆ ಕೆಳಗಿನ ಮನೆಗೂ ಮೇಲಿನ ಮನೆಗೂ ಬಳಕೆ ಬೆಳೆದಿತ್ತು.

ನವೆಂಬರಿನಲ್ಲಿ ಲಿಂಡ್ನರ್ ಬರ್ಮಾಕ್ಕೆ ಹೊರಟಿದ್ದರು. ಮೆಟ್ಟಿಲ ಮೇಲೆ ಸಿಕ್ಕಾಗ ಲಾವಣ್ಯಾಗೆ ಹೇಳಿದರು. ಅವಳು ಮೇಲೆ ಬಂದು ಅತ್ತೆಗೆ ಹೇಳಿದಳು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಸಾವಿತ್ರವ್ವ ತಲೆಯೆತ್ತದೆ, ಮಾಂಡಲೆಗೂ ಹೋಗತಾರೇನ ಕೇಳು ಎಂದಳು. ಹೋಗುತ್ತಾರೆಂದು ತಿಳಿದ ಮೇಲೆ ಸೊಪ್ಪು ಅಲ್ಲಿಗೇ ನಿಂತಿತು.

ಮರುದಿನ ಅಂಗಳದಲ್ಲಿ ಲಿಂಡ್ನರ್ ಸಾವಿತ್ರವ್ವನ ಕೈಗೆ ಆ ಫೋಟೋ ಕೊಟ್ಟು, ಎದೆಯ ಮೇಲೆ ಹಿಡಿಸಿ ನಿಲ್ಲಿಸಿ ಒಂದು ಚಿತ್ರ ತೆಗೆದುಕೊಂಡರು. ಫೋಟೋದ ಜೆರಾಕ್ಸ್ ಪ್ರತಿಯೊಂದನ್ನೂ ಮಾಡಿಸಿಕೊಂಡರು. ಮಾಂಡಲೆಯಲ್ಲಿ ಶರಣಪ್ಪ ನಿಂತ ಜಾಗವನ್ನು ಹುಡುಕಿ, ಅದೇ ಕೋನದಿಂದ ಚಿತ್ರ ತೆಗೆದು ತರುವುದು ತಮ್ಮ ಜವಾಬ್ದಾರಿ ಎಂದರು. ಕೋಟೆಯ ಗೋಡೆ ಇನ್ನೂ ಇದೆ, ಕಂದಕವಿದೆ, ಬೆಟ್ಟವಂತೂ ಎಲ್ಲೂ ಹೋಗುವುದಿಲ್ಲ. ಮೂರು ಗುರುತು ಸಿಕ್ಕರೆ ಜಾಗ ನಿಖರವಾಗಿ ಸಿಗುತ್ತದೆ, ನಲವತ್ತು ವರ್ಷ ತಾವು ಮಾಡಿದ್ದೇ ಆ ಕೆಲಸ ಎಂದರು.

ಎಷ್ಟೋ ವರ್ಷಗಳ ಮೇಲೆ ಸಾವಿತ್ರವ್ವ ಧೈರ್ಯ ಮಾಡಿ ಅಪ್ಪನ ಮಾತನ್ನು ಎತ್ತಿದಳು. ಗೋಡೆ ಬಲಗೈಗೆ ಎಂಬಲ್ಲಿಯವರೆಗೆ ಲಾವಣ್ಯಾ ಜರ್ಮನ್ ಭಾಷೆಗೆ ತಿರುಗಿಸಿದಳು. ಲಿಂಡ್ನರ್ ಫೋಟೋ ನೋಡಿದರು, ಆಕೆಯನ್ನು ನೋಡಿದರು. ಫೋಟೋ ದಾಖಲೆ, ನೆನಪು ದಾಖಲೆಯಲ್ಲ, ತಾವು ದಾಖಲೆಯನ್ನೇ ನಂಬಬೇಕಾಗುತ್ತದೆ ಎಂದು ಮರ್ಯಾದೆಯಿಂದಲೇ ಹೇಳಿದರು. ಮಾತು ಮತ್ತೆ ಅಲ್ಲೇ ತುಂಡಾಯಿತು.

ಡಿಸೆಂಬರ್ ಎಂಟರ ಭಾನುವಾರ ಸಂಜೆ, ಬರ್ಮಾದಿಂದ ಮರಳಿದ್ದ ಲಿಂಡ್ನರ್ ಅವರ ಮನೆಯಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಒಂದೊಂದರಂತೆ ಹಚ್ಚುವ ಮೇಣದ ಬತ್ತಿಗಳಲ್ಲಿ ಎರಡನ್ನು ಹಚ್ಚಿದ ಮೇಜಿನ ಸುತ್ತ ನಾಲ್ವರು ಕೂತರು. ಲಿಂಡ್ನರ್ ಮಸಾಲೆಯ ಕೇಕು ಇಟ್ಟಿದ್ದರು. ಅದರಲ್ಲಿ ಮೊಟ್ಟೆಯಿದೆಯೇ ಎಂದು ಲಾವಣ್ಯಾ ಕೇಳಿದ್ದಕ್ಕೆ ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಬದಿಯನ್ನು ಪೂರ್ತಿ ಓದಿ, ಇದೆ ಎಂದು ವರದಿ ಮಾಡಿದರು. ಸಾವಿತ್ರವ್ವ ತಾನು ತಂದಿದ್ದ ಅವಲಕ್ಕಿ ಚೂಡಾದ ಡಬ್ಬಿ ತೆಗೆದಳು. ಲಿಂಡ್ನರ್ ಅದನ್ನು ಚಮಚದಲ್ಲಿ ತಿಂದರು, ಮತ್ತೆ ಬಡಿಸಿಕೊಂಡರು.

ದೀಪ ಆರಿಸುವ ಮುನ್ನ ಲಿಂಡ್ನರ್ ಸ್ಲೈಡು ತೋರಿಸುವ ಯಂತ್ರದ ಬಗ್ಗೆ ಒಂದೆರಡು ಮಾತು ಹೇಳಿದರು. ಸ್ಲೈಡನ್ನು ದೀಪದ ಮುಂದೆ ಬಹಳ ಹೊತ್ತು ಬಿಡಬಾರದು, ಕಾವಿಗೆ ಬಣ್ಣ ಹೋಗುತ್ತದೆ. ಆದ್ದರಿಂದ ಎಷ್ಟೇ ಚೆನ್ನಾಗಿದ್ದರೂ ತಾವು ಗುಂಡಿ ಒತ್ತಿ ಮುಂದಕ್ಕೆ ಹೋಗಬೇಕಾಗುತ್ತದೆ, ಯಾರೂ ಬೇಸರ ಮಾಡಿಕೊಳ್ಳಬಾರದು. ನಿಮ್ಮ ಅವ್ವನಿಗೆ ಇದನ್ನು ಮುಂಚೆಯೇ ಹೇಳಿಬಿಡಿ ಎಂದು ಗಿರಿಧರನಿಗೆ ಇಂಗ್ಲಿಷಿನಲ್ಲಿ ಬೇರೆ ಹೇಳಿದರು.

ರಂಗೂನು ಮುಗಿಯುವಷ್ಟರಲ್ಲಿ ಚಹಾ ಆರಿತ್ತು, ಗಿರಿಧರನ ಕಣ್ಣು ಎಳೆಯತೊಡಗಿತ್ತು. ಆಮೇಲೆ ಗೋಡೆಯ ಮೇಲೆ ಒಂದು ಗಡಿಯಾರ ಗೋಪುರ ಬಂತು. ಸಾವಿತ್ರವ್ವ ನೆಟ್ಟಗೆ ಕೂತಳು.

ಗೋಪುರ ಅದೇ. ಪಕ್ಕದ ಜೆಜೋ ಮಾರುಕಟ್ಟೆ ಅದಲ್ಲ. ಆಕೆ ಕಂಡದ್ದು ಉದ್ದನೆಯ ತಗ್ಗು ಸೂರಿನ ಸಾಲುಗಳು; ಈಗ ನಿಂತದ್ದು ಕಾಂಕ್ರೀಟಿನ ಮಹಡಿಗಳು. ಗುಂಡಿ ಒತ್ತಿದಾಗ ಅರಮನೆ ಬಂತು: ಕೆಂಪು ಬಣ್ಣದ ಹಂತಹಂತದ ಚಾವಣಿ, ಚಿನ್ನದ ಅಂಚು. “ಇದಲ್ಲ” ಎಂದಳು ಸಾವಿತ್ರವ್ವ. ಲಿಂಡ್ನರ್ ಒಪ್ಪಿದರು. ಅಸಲಿ ಅರಮನೆ ತೇಗದ್ದು. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಮಾರ್ಚಿನಲ್ಲಿ, ಬ್ರಿಟಿಷರಿಗೂ ಜಪಾನೀಯರಿಗೂ ನಡೆದ ಕಾಳಗದಲ್ಲಿ ಸುಟ್ಟುಹೋಯಿತು. ಇದು ಹತ್ತು ವರ್ಷದ ಹಿಂದೆ ಮತ್ತೆ ಕಟ್ಟಿದ್ದು. ಬೆಂಕಿಗೆ ಸಿಗದೆ ಉಳಿದದ್ದು ಟಂಕಸಾಲೆ ಮತ್ತು ಕಾವಲು ಗೋಪುರ. ಆ ಗೋಪುರವೂ ಬಂತು, ಹೊರಮೈಗೆ ಬಳ್ಳಿಯಂತೆ ಸುತ್ತಿಕೊಂಡ ಮೆಟ್ಟಿಲುಗಳೊಂದಿಗೆ. ಅದನ್ನು ಅಪ್ಪನ ಹೆಗಲ ಮೇಲೆ ಕೂತು ಹತ್ತಿದ್ದು ಆಕೆಗೆ ನೆನಪಿತ್ತು. ಮೇಲೆ ಹೋದಾಗ ಹೆದರಿ ಅಪ್ಪನ ಕಿವಿ ಹಿಡಿದುಕೊಂಡದ್ದೂ ನೆನಪಿತ್ತು.

ಶ್ವೆನಂಡಾ ಮಠದ ಮುಂದೆ ಲಿಂಡ್ನರ್ ತಾವೇ ಹೇಳಿದ ನಿಯಮ ಮುರಿದು ಕೊಂಚ ನಿಂತರು. ಅದು ಮೊದಲು ಅರಮನೆಯ ಒಳಗೇ ಇದ್ದ ಕೋಣೆಯಂತೆ. ಮಿಂಡೋನ್ ರಾಜ ಅದರಲ್ಲಿ ತೀರಿಕೊಂಡ. ಮಗ ತೀಬಾ ಅದನ್ನು ಬಿಚ್ಚಿಸಿ ಕೋಟೆಯ ಹೊರಗೆ ಸಾಗಿಸಿ ಮಠ ಮಾಡಿದ. ಹಾಗೆ ಹೊರಗೆ ಹಾಕಿದ್ದರಿಂದಲೇ ಸುಟ್ಟುಹೋದ ಅರಮನೆಯಲ್ಲಿ ಅದೊಂದು ಉಳಿಯಿತು. ಮಳೆ ಬಿಸಿಲಿಗೆ ಕಪ್ಪಾದ ಕೆತ್ತನೆಯ ಬಾಗಿಲುಗಳು ಗೋಡೆಯ ಮೇಲೆ ಬಂದಾಗ ಸಾವಿತ್ರವ್ವನಿಗೆ ಆ ಮರದ ವಾಸನೆ, ಬರಿಗಾಲಿಗೆ ತಾಗುತ್ತಿದ್ದ ಹಲಗೆಯ ನುಣುಪು ಎರಡೂ ಬಂದವು. ಇದನ್ನ ನೋಡೇನಿ ಎಂದು ಸೊಸೆಯ ಕೈ ಮುಟ್ಟಿದಳು.

ಮಹಾಮುನಿಯ ಸ್ಲೈಡು ಬಂದಾಗ ಮಾತ್ರ ಆಕೆ ತಡೆದಳು. ಮಾಂಡಲೆಯ ದೊಡ್ಡ ದೇವರು ಅದು, ಭಕ್ತರು ಚಿನ್ನದ ರೇಕು ಅಂಟಿಸಿ ಅಂಟಿಸಿ ಮೈಯೆಲ್ಲ ಗಂಟುಗಂಟಾದ ಬುದ್ಧ. ಗಂಡಸರು ಮಾತ್ರ ಹತ್ತಿರ ಹೋಗಿ ರೇಕು ಹಚ್ಚಬಹುದು. ಊರು ಬಿಡುವ ಮುನ್ನ ಶರಣಪ್ಪ ಅಲ್ಲಿಗೂ ಕರೆದೊಯ್ದಿದ್ದ. ತಾಯಿ ಮಗಳು ದೂರದ ಚಾಪೆಯ ಮೇಲೆ ಕೂತಿದ್ದರು. ರೇಕು ಹಚ್ಚಿ ಬಂದವನ ಬೆರಳ ತುದಿಯಲ್ಲಿ ಚಿನ್ನದ ಪುಡಿ ಉಳಿದಿತ್ತು. ಅದನ್ನು ಮಗಳ ಕೆನ್ನೆಯ ಮಚ್ಚೆಗೆ ಒರೆಸಿ ನಕ್ಕಿದ್ದ.

“ದೇವರು ಎಡಗೈಲೆ ನೆಲ ಮುಟ್ಟಾಕತ್ಯಾನಲ್ಲ” ಎಂದಳು ಸಾವಿತ್ರವ್ವ. “ಎಲ್ಲೆರೆ ಉಂಟೇನು?”

ಲಾವಣ್ಯಾ ನಗುತ್ತ ಅದನ್ನು ತಿರುಗಿಸಿ ಹೇಳಿದಳು. ಲಿಂಡ್ನರ್ ಸ್ಲೈಡನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಫಿಲ್ಮು ತೊಳೆದ ಪ್ರಯೋಗಾಲಯದವರು ಅದೊಂದನ್ನು ಚೌಕಟ್ಟಿನಲ್ಲಿ ತಿರುವುಮುರುವಾಗಿ ಕೂಡಿಸಿದ್ದರು. ಫಿಲ್ಮಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕು ಮೈ ಯಾವ ಕಡೆಗಿರಬೇಕು ಎಂಬುದು ತಪ್ಪಿದರೆ ಎಡದ್ದು ಬಲಕ್ಕೆ ಹೋಗುತ್ತದೆ. ಹೊರಳಿಸಿ ಹಾಕಿದಾಗ ಮಹಾಮುನಿಯ ಬಲಗೈ ನೆಲ ಮುಟ್ಟಿತು. ತಮ್ಮ ಕಣ್ಣಿಗೆ ಬೀಳದ್ದನ್ನು ಹಿಡಿದುಕೊಟ್ಟಿದ್ದಕ್ಕೆ ಲಿಂಡ್ನರ್ ಎದ್ದು ನಿಂತು ತಲೆ ಬಾಗಿದರು. ಗಿರಿಧರನ ನಿದ್ದೆ ಹಾರಿತು.

ಕಡೆಗೆ ಕೋಟೆ ಬಂತು. ಲಿಂಡ್ನರ್ ಕಂದಕದ ಹೊರದಂಡೆಯಲ್ಲಿ ಪೂರ್ತಿ ಒಂದು ಸುತ್ತು ನಡೆದಿದ್ದರು. ನಾಲ್ಕೂ ಮೂಲೆಗಳಲ್ಲಿ ನಿಂತು, ಒಂದೊಂದು ಮೂಲೆಯಿಂದ ಎರಡೂ ದಿಕ್ಕಿಗೆ ಚಿತ್ರ ತೆಗೆದಿದ್ದರು. ನೀರು, ಗೋಡೆ, ಬುರುಜು. ಮತ್ತೆ ನೀರು, ಗೋಡೆ, ಬುರುಜು. ನೈಋತ್ಯ ಮೂಲೆಯಿಂದ ಉತ್ತರಕ್ಕೆ ನೋಡಿದ ಚಿತ್ರ ಬಂದಾಗ ಸಾವಿತ್ರವ್ವ ಕೈಯೆತ್ತಿದಳು. ಗೋಡೆ ಬಲಗಡೆಗಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಸ್ಲೈಡು ಮುಂದಕ್ಕೆ ಹೋಯಿತು.

ಆಮೇಲೆ ಲಿಂಡ್ನರ್ ಯಂತ್ರ ನಿಲ್ಲಿಸದೆ, ಮಾತು ನಿಧಾನ ಮಾಡಿ, ಲಾವಣ್ಯಾಳ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಲಾವಣ್ಯಾ ಕೇಳುತ್ತ ಕೇಳುತ್ತ ಸೀರೆಯ ಅಂಚು ಮಡಿಸತೊಡಗಿದಳು.

“ಏನಂದ್ರವಾ?” ಎಂದಳು ಸಾವಿತ್ರವ್ವ.

“ಜಾಗ ಸಿಗಲಿಲ್ಲವಂತೆ, ಅತ್ತೆ.”

ಅಷ್ಟೇ ಅಲ್ಲವೆಂದು ಆಕೆಗೆ ಗೊತ್ತಾಯಿತು. ಮಗನ ಕಡೆ ನೋಡಿದಳು. ಲಿಂಡ್ನರ್ ಇಂಗ್ಲಿಷಿನಲ್ಲಿ ಮತ್ತೆ ಹೇಳಿದ್ದನ್ನು ಅವನು ಲ್ಯಾಬಿನಲ್ಲಿ ಫಲಿತಾಂಶ ಓದುವವನಂತೆ ಹೇಳಿದ. ಗೋಡೆ ಎಡಕ್ಕಿರುವಂತೆ ಕಂದಕದ ಸುತ್ತ ಎಲ್ಲೇ ನಿಂತರೂ ಬೆಟ್ಟ ಫೋಟೋದಲ್ಲಿರುವ ಜಾಗಕ್ಕೆ ಬರುವುದಿಲ್ಲ. ಒಂದೋ ಬಹಳ ಎಡಕ್ಕೆ ಹೋಗುತ್ತದೆ, ಇಲ್ಲವೇ ರಸ್ತೆಯ ತುದಿಗೆ ಬರುತ್ತದೆ. ಅಂಥ ಜಾಗವೇ ಭೂಮಿಯ ಮೇಲಿಲ್ಲ. ಆದ್ದರಿಂದ ಹಿಂದೆ ಕಾಣುವುದು ಸ್ಟುಡಿಯೋದಲ್ಲಿ ಇಳಿಬಿಡುವ ಬಣ್ಣದ ಪರದೆ ಇರಬಹುದೆಂದು ಹೆರ್ ಲಿಂಡ್ನರ್ ಅಭಿಪ್ರಾಯ. ಪರದೆ ಬರೆಯುವವನು ಚೆಂದ ನೋಡುತ್ತಾನೆ, ಅಳತೆ ನೋಡುವುದಿಲ್ಲ. ಆ ಕಾಲದಲ್ಲಿ ಅದು ಸಾಮಾನ್ಯವಾಗಿತ್ತು.

ಸಾವಿತ್ರವ್ವ ಮಡಿಲಲ್ಲಿದ್ದ ಫೋಟೋವನ್ನು ಬೋರಲು ಮಾಡಿದಳು. ಇಷ್ಟು ವರ್ಷ ಜನ ಬಲಗೈಯನ್ನು ಮಾತ್ರ ಇಲ್ಲವೆಂದಿದ್ದರು. ಈಗ ಮೂಲೆಯೇ ಇಲ್ಲ, ನೀರೇ ಇಲ್ಲ. ಬಟ್ಟೆಯ ಮೇಲೆ ಬರೆದ ಗೋಡೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಅವ್ವ ಆ ಬೆಟ್ಟಗಳನ್ನು ದಾಟಿದಳೇ? ಗಾಳಿಗೆ ಅಪ್ಪನ ಕೋಟಿನ ಅಂಚು ಹಾರುತ್ತಿದ್ದುದು, ನೀರಿನಿಂದ ಪಾಚಿಯ ವಾಸನೆ ಬರುತ್ತಿದ್ದುದು ತನ್ನ ತಲೆಯಲ್ಲಿ ಮಾತ್ರ ಇತ್ತೇ? ಹಾಗಾದರೆ ಆ ದನಿ?

ಲಿಂಡ್ನರ್‌ಗೆ ಕಸಿವಿಸಿಯಾಗಿರಬೇಕು. ಇನ್ನೊಂದೇ ಸ್ಲೈಡು ಉಳಿದಿದೆ, ಅದು ನಿಮ್ಮದೇ ಎಂದು ಹೇಳಿಸಿ ಗುಂಡಿ ಒತ್ತಿದರು.

ಗೋಡೆಯ ತುಂಬ ಸಾವಿತ್ರವ್ವ ನಿಂತಿದ್ದಳು, ನವೆಂಬರಿನ ಅಂಗಳದಲ್ಲಿ, ಸೀರೆಯ ಮೇಲೆ ಮಗನ ಜಾಕೆಟ್ಟು ತೊಟ್ಟು, ಎದೆಗೆ ಫೋಟೋ ಹಿಡಿದುಕೊಂಡು. ತನ್ನ ಮುಖ ಅಷ್ಟು ದೊಡ್ಡದಾಗಿ ಆಕೆ ಎಂದೂ ಕಂಡಿರಲಿಲ್ಲ. ಮದುವೆಯ ಫೋಟೋದಲ್ಲಿ ಸ್ಟುಡಿಯೋದವರು ಮಚ್ಚೆ ಚೆನ್ನಾಗಿ ಕಾಣುವುದಿಲ್ಲವೆಂದು ತಿದ್ದಿ ತೆಗೆದಿದ್ದರು. ಪಾಸ್‌ಪೋರ್ಟಿನ ಫೋಟೋದವನೂ ಹಾಗೇ ಮಾಡಿದ್ದ. ಈಗ ಅದು ಒಂದು ಅಂಗೈಯಷ್ಟಾಗಿ ಗೋಡೆಯ ಮೇಲಿತ್ತು.

“ಇದೂ ಉಲ್ಟಾ ಆಗೇತಿ ನೋಡ್ರಿ” ಎಂದಳು. “ನನ್ನ ಮಚ್ಚಿ ಆ ಕಡೆ ಅಲ್ಲ, ಈ ಕಡೆ.”

ಮಹಾಮುನಿಯ ವಿಷಯದಲ್ಲಿ ಆಕೆ ಗೆದ್ದಿದ್ದಳಾದ್ದರಿಂದ ಲಿಂಡ್ನರ್ ಪ್ರಶ್ನಿಸದೆ ಸ್ಲೈಡು ತೆಗೆದರು, ಹೊರಳಿಸಿ ಹಾಕಿದರು. ಮಚ್ಚೆ ಆಕೆ ಹೇಳಿದ ಕಡೆಗೆ ಬಂತು. ಆದರೆ ಹಿಂದಿನ ಅಂಗಡಿಯ ಬೋರ್ಡಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾದವು. ಗಿರಿಧರ ನಕ್ಕ.

“ಅವ್ವ, ಮೊದಲಿದ್ದದ್ದ ಸರಿ ಇತ್ತು. ನಿನ್ನ ಮಚ್ಚಿ ಎಡಗಲ್ಲದ ಮ್ಯಾಲೈತಿ. ಎದುರಿಗೆ ನಿಂತವರಿಗೆ ಅದು ಬಲಕ್ಕ ಕಾಣತೈತಿ. ನೀ ಕನ್ನಡ್ಯಾಗ ನೋಡಿ ನೋಡಿ ರೂಢಿ ಆಗಿ ಹಂಗನ್ನಾಕತ್ತಿ.”

ಹೌದಲ್ಲ ಎಂದುಕೊಂಡಳು ಸಾವಿತ್ರವ್ವ. ತಡವಿ ನೋಡಿಕೊಂಡಳು: ಎಡ. ಲಿಂಡ್ನರ್ ಸ್ಲೈಡನ್ನು ಮೊದಲಿನಂತೆ ಹಾಕಿದರು. ಬೋರ್ಡು ಸರಿಯಾಯಿತು. ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುವುದು ಆಕೆಗೆ ಹೊಸದೇನಲ್ಲ. ಆದರೂ ಕಣ್ಣು ಗೋಡೆಯಿಂದ ಕೀಳಲಿಲ್ಲ. ದೊಡ್ಡ ಸಾವಿತ್ರವ್ವನ ಎದೆಯ ಮೇಲೆ ಸಣ್ಣ ಸಾವಿತ್ರಿಯೂ ಇದ್ದಳು, ಅಪ್ಪ ಅವ್ವನ ನಡುವೆ.

“ಹಂಗಾರ,” ಎಂದಳು ನಿಧಾನಕ್ಕೆ, “ಫೋಟೋದಾಗಿನ ಹುಡುಗೀಗೆ ಯಾಕ ಈ ಕಡೆ ಐತಿ?”

ಲಾವಣ್ಯಾ ಎದ್ದು ಗೋಡೆಯ ಹತ್ತಿರ ಹೋದಳು. ಅವಳ ನೆರಳು ಚಿತ್ರದ ಮೇಲೆ ಬಿತ್ತು, ಪಕ್ಕಕ್ಕೆ ಸರಿದಳು. ಮುದುಕಿಯ ಮಚ್ಚೆಯ ಮೇಲೆ ಒಂದು ಬೆರಳು, ಹುಡುಗಿಯ ಮಚ್ಚೆಯ ಮೇಲೆ ಒಂದು ಬೆರಳು ಇಟ್ಟು ತಿರುಗಿ ನೋಡಿದಳು. ಒಂದು ಬಲಕ್ಕೆ, ಒಂದು ಎಡಕ್ಕೆ. ಲಿಂಡ್ನರ್ ಸ್ಲೈಡನ್ನು ಮತ್ತೆ ಹೊರಳಿಸಿ ಹಾಕಿದರು. ಮತ್ತೆ ಒಂದು ಎಡಕ್ಕೆ, ಒಂದು ಬಲಕ್ಕೆ. ಯಾವ ಕಡೆಯಿಂದ ಹಾಕಿದರೂ ಇಬ್ಬರ ಮಚ್ಚೆ ಒಂದೇ ಕಡೆಗೆ ಬರಲಿಲ್ಲ.

ಲಿಂಡ್ನರ್ ದೀಪ ಹಾಕಿ ಮೂಲ ಫೋಟೋ ಕೇಳಿ ತೆಗೆದುಕೊಂಡರು. ಭೂತಗನ್ನಡಿ ತಂದರು. ಗಂಡಸರ ಕೋಟಿನಲ್ಲಿ ಎಡಕ್ಕಿರಬೇಕಾದ ಎದೆಜೇಬು ಶರಣಪ್ಪನಿಗೆ ಬಲಗಡೆಗಿತ್ತು. ಗುಂಡಿಗಳು ಹೆಂಗಸರ ಕೋಟಿನಂತೆ ಎಡಗಡೆಗಿದ್ದವು. ಆಮೇಲೆ ಅವರು ಸೋಫಾದ ಅಂಚಿಗೆ ಕೂತು, ಲಾವಣ್ಯಾ ತಿರುಗಿಸಿ ಹೇಳಲು ಅನುಕೂಲವಾಗುವಂತೆ ಬಿಡಿಬಿಡಿಯಾಗಿ ಹೇಳಿದರು. ಹುಬ್ಬಳ್ಳಿಯಲ್ಲಿ ಪ್ರಿಂಟು ಹಾಕಿದವರು ಗಾಜಿನ ಪ್ಲೇಟನ್ನು ಮಗುಚಿ ಇಟ್ಟಿದ್ದಾರೆ. ಇದು ಬಣ್ಣದ ಪರದೆಯಲ್ಲ. ತಮ್ಮ ಅಳತೆಯೇನೋ ಸರಿಯಾಗಿತ್ತು, ಆದರೆ ಹುಡುಕಿದ್ದು ಮಗುಚಿದ ಜಗತ್ತಿನಲ್ಲಿ. ಫ್ರೌ ಸಾವಿತ್ರಿ ಹೇಳಿದ ಮಾತು ದಾಖಲೆಗಿಂತ ಸರಿಯಾಗಿತ್ತು. ತಮ್ಮನ್ನು ಕ್ಷಮಿಸಬೇಕು.

ಗಿರಿಧರ ಅವ್ವನ ಮುಖ ನೋಡಿದ. ಮೂವತ್ತೆರಡು ವರ್ಷ ಆ ಮುಖ ಅವನ ಎದುರಿಗಿತ್ತು, ಆ ಫೋಟೋವೂ ಇತ್ತು. ಎರಡನ್ನೂ ಒಟ್ಟಿಗಿಟ್ಟು ಒಮ್ಮೆಯೂ ನೋಡಿರಲಿಲ್ಲ.

ಲಿಂಡ್ನರ್ ಯಂತ್ರದ ಸ್ಲೈಡು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ನೈಋತ್ಯ ಮೂಲೆಯ ಸ್ಲೈಡು ಹುಡುಕಿ ಹಾಕಿದರು, ದೀಪ ಆರಿಸಿದರು. ನೀರು ಬಂತು, ಬಲಗಡೆಗೆ ಗೋಡೆ, ಗೋಡೆಯ ಮೇಲೆ ಬುರುಜು, ಅದರ ಹಿಂದೆ ಬೆಟ್ಟ. ಆಮೇಲೆ ಫೋಟೋದ ಮುಖವನ್ನು ಯಂತ್ರದಿಂದ ಸೋರುವ ಬೆಳಕಿಗೆ ಮಾಡಿ, ಬೆನ್ನನ್ನು ಸಾವಿತ್ರವ್ವನ ಕಡೆಗೆ ಹಿಡಿದರು. ಹಳೆಯ ಕಾಗದದ ಮೂಲಕ ಮಸುಕಾಗಿ, ಹಿಂಬದಿಯಿಂದ, ಎಲ್ಲವೂ ಹೊರಳಿ ಕಂಡಿತು. ಅಪ್ಪ ಅವ್ವನ ಇನ್ನೊಂದು ಪಕ್ಕಕ್ಕೆ ಬಂದ. ಬುರುಜು ಬುರುಜಿಗೆ, ಬೆಟ್ಟ ಬೆಟ್ಟಕ್ಕೆ ಕೂಡಿತು. ಗೋಡೆ ಬಲಗೈಗೆ ಬಂತು.

“ಅವ್ವ,” ಎಂದ ಗಿರಿಧರ ಕತ್ತಲಲ್ಲಿ. “ಅಜ್ಜ ಏನಂದಿದ್ದ? ಪೂರ್ತಿ ಹೇಳು.”

ಪೂರ್ತಿ ಹೇಳೆಂದು ಆಕೆಯನ್ನು ಯಾರೂ ಕೇಳಿರಲಿಲ್ಲ. ಸಾವಿತ್ರವ್ವ ಗಂಟಲು ಸರಿಮಾಡಿಕೊಂಡು, ಗೋಡೆಯ ಮೇಲಿನ ಮೂಲೆಯನ್ನು ನೋಡುತ್ತ, ಯಾವ ರಾಗವೂ ಇಲ್ಲದೆ, ಕಲಿತದ್ದನ್ನು ಒಪ್ಪಿಸುವಂತೆ ಹೇಳಿದಳು:

“ಹೋಗೂವಾಗ ಕ್ವಾಟಿ ಗ್ವಾಡಿ ಬಲಗೈಗಿರ್ಲಿ. ಬರೂವಾಗ ಎಡಗೈಗಿರ್ಲಿ. ಎರಡೂ ಮರತಿ ಅಂದ್ರ ಎಲ್ಲೀ ಹೋಗಬ್ಯಾಡ, ಇದ ಮೂಲ್ಯಾಗ ನಿಂತಿರು. ನಾ ಬಂದು ಕರ್ಕೊಂಡು ಹೊಕ್ಕೀನಿ.”

ಲಾವಣ್ಯಾ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ, ತಗ್ಗಿದ ದನಿಯಲ್ಲಿ ಹೇಳಿದಳು. ಲಿಂಡ್ನರ್ ಕೇಳಿದರು, ತಲೆಯಾಡಿಸಿದರು.

ಗೋಡೆಯ ಮೇಲೆ ಕಂದಕದ ಮೂಲೆ ಖಾಲಿಯಿತ್ತು. ಬೇಲಿಗೆ ಒರಗಿಸಿದ ಒಂದು ಸೈಕಲ್ ಇತ್ತು, ಸವಾರನಿರಲಿಲ್ಲ. ಯಂತ್ರದ ಫ್ಯಾನು ತಿರುಗುತ್ತಿತ್ತು. ಸ್ಲೈಡು ದೀಪದ ಮುಂದೆ ಇರಬೇಕಾದ ಹೊತ್ತು ಯಾವಾಗಲೋ ಮೀರಿತ್ತು. ಅದು ಲಿಂಡ್ನರ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಗುಂಡಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಸಾವಿತ್ರವ್ವ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು ಕೂತಳು.